ನೆಲಮಾಳಿಗೆಯ ವೈರಿಂಗ್: ಗೋಡೆಯ ಕಂದು ಗೆರೆಯಿಂದ ಶುರು

ನಮ್ಮ ನೆಲಮಾಳಿಗೆಯ ಗೋಡೆಯಲ್ಲಿ, ನೆಲದಿಂದ 22 ಸೆಂಟಿಮೀಟರ್ ಎತ್ತರದಲ್ಲಿ, ಒಂದು ಕಂದು ಗೆರೆ ಇದೆ. ನಾವು ಈ ಮನೆಗೆ ಬರುವ ಮುಂಚೆ ಯಾವಾಗಲೋ ನೀರು ನಿಂತು ಇಳಿದುಹೋದ ಗುರುತು. ಹಳೆ ಕಪಾಟುಗಳನ್ನೆಲ್ಲ ಹೊರಗೆ ಸಾಗಿಸಿ ಗೋಡೆ ಬರಿದು ಮಾಡಿದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅದು. ಗೆರೆಯಿಂದ ನಾಲ್ಕೇ ಬೆರಳು ಮೇಲೆ ಒಂದು ಪ್ಲಗ್ ಪಾಯಿಂಟು. ಡಿಬಿಯಂತೂ (ಕರೆಂಟು ಹಂಚುವ ಸ್ವಿಚ್ಚುಗಳ ಪೆಟ್ಟಿಗೆ) ನೆಲಮಾಳಿಗೆಯ ಒಳಗೇ, ಮೆಟ್ಟಿಲಿನಿಂದ ಅತಿ ದೂರದ ಮೂಲೆಯಲ್ಲಿ. ನೀರು ನಿಂತ ದಿನ ಕರೆಂಟು ಆಫ್ ಮಾಡಬೇಕೆಂದರೆ ಆ ನೀರಲ್ಲೇ ನಡೆದು ಆರು ಮೀಟರ್ ದಾಟಬೇಕಿತ್ತು. ಅದನ್ನು ನೋಡಿದ ಮೇಲೆ ದೀಪ ಎಲ್ಲಿ, ಮೇಜು ಎಲ್ಲಿ ಎಂದು ಬರೆದಿಟ್ಟುಕೊಂಡಿದ್ದ ಕಾಗದವನ್ನು ಪಕ್ಕಕ್ಕಿಟ್ಟೆ. ಇಲ್ಲಿ ಮತ್ತೊಮ್ಮೆ ಪಾದ ಮುಳುಗುವಷ್ಟು ನೀರು ಬಂದರೆ ಮನೆಯವರು ಯಾರೇ ಆಗಲಿ ಒಣ ಜಾಗದಲ್ಲಿ ನಿಂತು ಎಲ್ಲವನ್ನೂ ಆರಿಸಲು ಸಾಧ್ಯವಾಗಬೇಕು. ಇಡೀ ಪ್ಲಾನನ್ನು ಅಲ್ಲಿಂದ ಶುರು ಮಾಡಿದೆ.

ಕೆಲಸ ಹಂಚಿಕೊಂಡ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ, ಲೆಕ್ಕ, ಪೈಪು, ಬಾಕ್ಸು, ವೈರು ಎಳೆಯುವುದು ನನ್ನದು. ಹಳೆಯದನ್ನು ಬಿಚ್ಚುವುದು, ಡಿಬಿ ಜೋಡಣೆ, ಪರೀಕ್ಷೆ, ಕೊನೆಗೆ ಕರೆಂಟು ಕೊಡುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅವರದು. ನಕ್ಷೆಯನ್ನೂ ಅವರು ಎರಡು ಸಲ ತಿದ್ದಿದರು.

ಮೊದಲ ವಾರ

ಹೊಸದೇನನ್ನೂ ಮುಟ್ಟಲಿಲ್ಲ. ಗೋಡೆಗಳ ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕಿತ್ತು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕೂ ಗೋಡೆಗೆ ಅಂಟಿಸಿ, ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ ಎರಡು ದಿನ ಬಿಟ್ಟೆ. ಹನಿ ಹಾಳೆಯ ಹಿಂಬದಿ ಕಟ್ಟಿದರೆ ನೀರು ಗೋಡೆಯೊಳಗಿಂದ ಜಿನುಗುತ್ತಿದೆ ಎಂದರ್ಥ. ಮುಂಬದಿ ಕಟ್ಟಿದರೆ ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ಬೆವರುತ್ತಿದೆ ಎಂದು. ಮೂರು ಗೋಡೆ ಬರೀ ಬೆವರುವವು. ಮಣ್ಣಿಗೆ ಒರಗಿದ ನಾಲ್ಕನೆಯದರಲ್ಲಿ ಮಾತ್ರ ಹಾಳೆಯ ಹಿಂದೆ ಮುತ್ತಿನಂತೆ ಹನಿ ಸಾಲುಗಟ್ಟಿತ್ತು. ಆ ಗೋಡೆಯಲ್ಲಿ ಒಂದೂ ಪಾಯಿಂಟ್ ಇಡುವುದಿಲ್ಲ ಎಂದು ಅವತ್ತೇ ಗುರುತು ಹಾಕಿದೆ. ಮಿಕ್ಕ ಮೂರರಲ್ಲೂ ಗ್ರೂವ್ ಹೊಡೆದು ಪೈಪು ಹುಗಿಯುವ ಯೋಚನೆ ಬಿಟ್ಟೆ. ಪಿವಿಸಿ ಪೈಪು ಗೋಡೆಯ ಮೇಲೆಯೇ, ಸ್ಯಾಡಲ್ (ಪೈಪು ಹಿಡಿಯುವ ಪಟ್ಟಿ) ಕೆಳಗೆ ಸ್ಪೇಸರ್ ಕೊಟ್ಟು, ಹಿಂದೆ ಗಾಳಿಯಾಡುವಂತೆ. ನೋಡಲು ಅಷ್ಟು ನಯವಾಗಿರುವುದಿಲ್ಲ, ನಿಜ. ಆದರೆ ಮುಂದೆ ಏನಾದರೂ ಕೆಟ್ಟರೆ ಗೋಡೆ ಒಡೆಯಬೇಕಾಗಿಲ್ಲ, ತೇವ ಎಲ್ಲಿ ಸೇರಿದೆ ಎಂಬುದೂ ಕಣ್ಣಿಗೆ ಕಾಣುತ್ತದೆ.

ಅದೇ ವಾರ ಹಳೆ ವೈರಿಂಗ್ ಬಿಚ್ಚಿದೆವು. ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಡೀ ಕೆಲಸದಲ್ಲಿ ಅತಿ ಅಪಾಯದ ಕ್ಷಣ ಅದೇ ಆಗಿತ್ತು.

ಮಾಳಿಗೆಯ ದೀಪದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಆಫ್ ಆಗಿತ್ತು. ಎಲೆಕ್ಟ್ರಿಷಿಯನ್ ಸೂರಿನ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದು ಟೆಸ್ಟರ್ ಇಟ್ಟರು. ಫೇಸ್, ಅಂದರೆ ಕರೆಂಟು ತರುವ ವೈರು, ಸತ್ತಿತ್ತು. ಮಲ್ಟಿಮೀಟರಿನಲ್ಲೂ ಸೊನ್ನೆ. ಬಾಕ್ಸಿನಲ್ಲಿ ನಾಲ್ಕು ಕಪ್ಪು ವೈರು ಸೇರಿಸಿ ತಿರುಚಿ ಟೇಪು ಸುತ್ತಿದ್ದ ಒಂದು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಗಂಟಿತ್ತು. ಅದನ್ನು ಬಿಚ್ಚಿ ಒಂದು ವೈರನ್ನು ಈಚೆಗೆ ಎಳೆದಿದ್ದಷ್ಟೇ, ಮೇಲಿನಿಂದ ಮಗಳು ಕೂಗಿದಳು: "ಅಪ್ಪಾ, ಪ್ಯಾಸೇಜ್ ಲೈಟ್ ಹೋಯ್ತು!"

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬಿಡಿಯಾದ ಆ ಕಪ್ಪು ವೈರಿನ ತುದಿಗೆ ಟೆಸ್ಟರ್ ತಾಗಿಸಿದರೆ ನಿಯಾನ್ ಕೆಂಪಗೆ ಹೊತ್ತಿಕೊಂಡಿತು. ಅರ್ಥಿಗೂ ಅದಕ್ಕೂ ಮಧ್ಯೆ ಮೀಟರ್ 228 ವೋಲ್ಟ್ ತೋರಿಸಿತು.

"ನೋಡಿ ಸರ್, ಮೇಲಿನ ಲೈಟಿಗೆ ಇಲ್ಲಿಂದ ನ್ಯೂಟ್ರಲ್ ಕದ್ದಿದಾರೆ. ಗಂಟು ಇರೋ ತನಕ ಸುಮ್ನಿರುತ್ತೆ. ಬಿಚ್ಚಿದ ತಕ್ಷಣ ಇದೇ ಫೇಸ್."

ಆಗಿದ್ದು ಇಷ್ಟು. ಪ್ಯಾಸೇಜ್ ದೀಪದ ಫೇಸ್ ಮೇಲಿನ ಸರ್ಕ್ಯೂಟಿನದು, ಅದು ಚಾಲೂ ಇತ್ತು. ನ್ಯೂಟ್ರಲ್ ಮಾತ್ರ ಹತ್ತಿರ ಸಿಕ್ಕಿತೆಂದು ಮಾಳಿಗೆಯ ಬಾಕ್ಸಿನಿಂದ ತೆಗೆದುಕೊಂಡಿದ್ದರು. ಗಂಟು ಕಳಚಿದೊಡನೆ ದೀಪದ ಮೂಲಕ ಹಾದುಬಂದ ಕರೆಂಟಿಗೆ ವಾಪಸ್ ಹೋಗುವ ದಾರಿ ತಪ್ಪಿತು, ಆ ವೈರಿನ ತುದಿಯಲ್ಲಿ ಪೂರ್ತಿ ವೋಲ್ಟೇಜು ಬಂದು ನಿಂತಿತು. ಎಂಸಿಬಿ ಆಫ್, ಫೇಸ್ ಸತ್ತಿದೆ ಎಂದು ನಂಬಿ ಆ ತುದಿಯನ್ನು ಹಿಡಿದವರ ಮೈಯೇ ಅದಕ್ಕೆ ದಾರಿ. ಅಂಥ ಎರವಲು ನ್ಯೂಟ್ರಲ್ ಇದ್ದರೆ ಆರ್‌ಸಿಸಿಬಿಯೂ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು) ನಿಲ್ಲುವುದಿಲ್ಲ. ತನ್ನ ಮೂಲಕ ಹೋದಷ್ಟೇ ಕರೆಂಟು ತನ್ನ ಮೂಲಕವೇ ವಾಪಸ್ ಬರುತ್ತಿದೆಯೇ ಎಂದು ಅದು ತೂಗಿ ನೋಡುತ್ತಿರುತ್ತದೆ. ಒಂದರಿಂದ ಹೋಗಿ ಇನ್ನೊಂದರಿಂದ ಮರಳಿದರೆ ಎರಡಕ್ಕೂ ಸೋರಿಕೆ ಎಂದೇ ತೋರುತ್ತದೆ, ದೀಪ ಹಾಕಿದಾಗಲೆಲ್ಲ ಟ್ರಿಪ್ ಆಗುತ್ತಲೇ ಇರುತ್ತದೆ.

ಆಮೇಲೆ ಇಡೀ ಮನೆಯ ಮೇನ್ ಆರಿಸಿಯೇ ಮಿಕ್ಕ ಗಂಟುಗಳನ್ನು ಬಿಚ್ಚಿದೆವು. ಪ್ಯಾಸೇಜ್ ದೀಪಕ್ಕೆ ಅದರದೇ ಸರ್ಕ್ಯೂಟಿನ ನ್ಯೂಟ್ರಲ್ ಎಳೆದು ಕೊಟ್ಟೆವು. ಹೊಸ ನಕ್ಷೆಯಲ್ಲಿ ಪ್ರತಿ ಸರ್ಕ್ಯೂಟಿಗೂ ನಂಬರು ಕೊಟ್ಟು, ಫೇಸ್‌ಗೂ ನ್ಯೂಟ್ರಲ್‌ಗೂ ಅದೇ ನಂಬರಿನ ಫೆರೂಲ್ (ವೈರಿನ ತುದಿಗೆ ತೊಡಿಸುವ ಗುರುತಿನ ಉಂಗುರ) ಹಾಕಬೇಕೆಂದು ದಪ್ಪಕ್ಷರದಲ್ಲಿ ಬರೆದುಕೊಂಡೆ.

ಎರಡನೇ ವಾರ: ಸೀಮೆಸುಣ್ಣ, ಲೆಕ್ಕ

ಕೋಣೆ 6 ಮೀಟರ್ ಉದ್ದ, 4.5 ಮೀಟರ್ ಅಗಲ, ಎತ್ತರ 2.4. ಪಕ್ಕಕ್ಕೆ ಸಣ್ಣ ಕೊಠಡಿ, ಅದರ ನೆಲದಲ್ಲಿ ಜಿನುಗು ನೀರು ಸೇರುವ ಗುಂಡಿ, ಗುಂಡಿಯಲ್ಲಿ ಅರ್ಧ ಎಚ್‌ಪಿ ಪಂಪು. ದೊಡ್ಡ ಕೋಣೆಯಲ್ಲಿ ಒಂದು ಓದುವ ಮೇಜು, ಒಂದು ಮರಗೆಲಸದ ಬೆಂಚು, ಮೂಲೆಯಲ್ಲಿ ವಾಷಿಂಗ್ ಮೆಷಿನ್, ತೇವ ಹೀರುವ ಯಂತ್ರ.

ಪಾಯಿಂಟುಗಳನ್ನು ಕಾಗದದ ಮೇಲೆ ಗುರುತಿಸುವ ಬದಲು ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ, ನಿಜವಾದ ಅಳತೆಯಲ್ಲಿ, ಬರೆದೆ. ಸ್ವಿಚ್‌ಬೋರ್ಡಿನ ಗಾತ್ರಕ್ಕೆ ರಟ್ಟು ಕತ್ತರಿಸಿ ಅಂಟಿಸಿದೆ, ನೆಲದ ಮೇಲೆ ಮೇಜು-ಬೆಂಚಿನ ಅಂಚಿಗೆ ಟೇಪು ಎಳೆದೆ. ಹಾಗೇ ಒಂದು ವಾರ ಬಿಟ್ಟು, ಬಂದುಹೋಗುವಾಗಲೆಲ್ಲ ಇಲ್ಲದ ಸ್ವಿಚ್ಚನ್ನು ಒತ್ತಿ ನೋಡಿದೆವು. ಕೊಠಡಿಯ ಬಾಗಿಲು ತೆರೆದರೆ ಸ್ವಿಚ್‌ಬೋರ್ಡು ಪೂರ್ತಿ ಅದರ ಹಿಂದೆ ಮರೆಯಾಗುತ್ತದೆ ಎಂದು ಕಂಡುಹಿಡಿದದ್ದು ಹೆಂಡತಿ. ಬೆಂಚಿನ ಮೇಲೆ ಹಲಗೆ ನಿಲ್ಲಿಸಿದರೆ ಸಾಕೆಟ್ಟು ಮುಚ್ಚಿಹೋಗುತ್ತದೆ ಎಂಬುದೂ ಹೀಗೇ ತಿಳಿಯಿತು. ರಟ್ಟು ಕಿತ್ತು ಬೇರೆ ಕಡೆ ಅಂಟಿಸಲು ಒಂದು ನಿಮಿಷ ಸಾಕು.

ಎತ್ತರದ ವಿಷಯದಲ್ಲಿ ಕಂದು ಗೆರೆಯದೇ ಮಾತು. ಎಲ್ಲ ಸಾಕೆಟ್ಟುಗಳೂ ನೆಲದಿಂದ ಕನಿಷ್ಠ 1 ಮೀಟರ್ ಮೇಲೆ. ಪೈಪುಗಳೆಲ್ಲ ಸೂರಿನ ಕೆಳಗೇ ಓಡಿ, ಪಾಯಿಂಟು ಇರುವಲ್ಲಿ ಮಾತ್ರ ಮೇಲಿಂದ ಕೆಳಗಿಳಿಯುತ್ತವೆ. ನೆಲದಲ್ಲಿ ಒಂದೂ ಪೈಪಿಲ್ಲ, ಗೆರೆಯಿಂದ ಕೆಳಗೆ ಒಂದೂ ಜೋಡಣೆಯಿಲ್ಲ.

ಲೋಡ್ ಲೆಕ್ಕ ಸುಲಭ, ಆದರೆ ಮಾಡಲೇಬೇಕು. ನೀರು ಬಿಸಿ ಮಾಡುವಾಗ ವಾಷಿಂಗ್ ಮೆಷಿನ್ 2000 ವ್ಯಾಟ್. ಬೆಂಚಿನಲ್ಲಿ ಗ್ರೈಂಡರ್ 900, ಅದರ ಜೊತೆಗೇ ಓಡುವ ವ್ಯಾಕ್ಯೂಮ್ 1400. ತೇವ ಹೀರುವ ಯಂತ್ರ 350, ಮೇಜಿನ ಕಂಪ್ಯೂಟರು ಇತ್ಯಾದಿ 250, ಪಂಪು ಸುಮಾರು 700, ಎಲ್‌ಇಡಿ ದೀಪಗಳೆಲ್ಲ ಸೇರಿ 90. ಒಟ್ಟು 5690 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ 25 ಆಂಪಿಗೆ ತುಸು ಕಡಿಮೆ. ಎಲ್ಲವೂ ಒಟ್ಟಿಗೆ ಓಡುವುದು ಅಪರೂಪ, ಆದರೂ ಓಡಿದರೆ ತಡೆಯಬೇಕು. ಹಾಗಾಗಿ ಮೇಲ್ಗಡೆ ಮನೆಯ ಡಿಬಿಯಿಂದ 32 ಆಂಪ್ ಎಂಸಿಬಿ, 6 ಸ್ಕ್ವೇರ್ ಎಂಎಂ ತಾಮ್ರದ ಫೀಡರ್ (ಮಾಳಿಗೆಗೆ ಕರೆಂಟು ತರುವ ವೈರು). ಮಾಳಿಗೆಗೆ ಐದು ಸರ್ಕ್ಯೂಟ್: ದೀಪ, ವಾಷಿಂಗ್ ಮೆಷಿನ್, ಬೆಂಚು, ಮೇಜು ಮತ್ತು ತೇವ ಹೀರುವ ಯಂತ್ರ, ಪಂಪು.

ನನ್ನ ಮೊದಲ ನಕ್ಷೆಯಲ್ಲಿ ದೀಪ ಬಿಟ್ಟು ಮಿಕ್ಕ ನಾಲ್ಕೂ ಸರ್ಕ್ಯೂಟನ್ನು ಒಂದೇ 25 ಎಂಎಂ ಪೈಪಿನಲ್ಲಿ ತಂದಿದ್ದೆ. ಜಾಗ ಸಾಕಾಗುತ್ತಿತ್ತು. ಸಾಲದೆ ಬಂದದ್ದು ಶಾಖದ ಲೆಕ್ಕ. ಪೈಪಿನೊಳಗೆ ಒಂಟಿಯಾಗಿ ಹೋಗುವ 2.5 ಸ್ಕ್ವೇರ್ ಎಂಎಂ ಪಿವಿಸಿ ವೈರು 30 ಡಿಗ್ರಿ ಗಾಳಿಯಲ್ಲಿ 24 ಆಂಪ್ ಹೊರುತ್ತದೆ. ಜೊತೆಗೆ ಬೇರೆ ಸರ್ಕ್ಯೂಟುಗಳಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಗಲುತ್ತದೆ, ಆದ್ದರಿಂದ ತಾಕತ್ತು ಇಳಿಸಿ ಹಿಡಿಯಬೇಕು: ಎರಡಿದ್ದರೆ 0.8, ಮೂರಿದ್ದರೆ 0.7, ನಾಲ್ಕಿದ್ದರೆ 0.65. ಮೂರಕ್ಕೆ 16.8 ಆಂಪ್ ಬರುತ್ತದೆ, 16 ಆಂಪ್ ಎಂಸಿಬಿಗೆ ಸರಿಹೋಗುತ್ತದೆ. ನಾಲ್ಕಕ್ಕೆ 15.6. ಅಂದರೆ ಎಂಸಿಬಿ ಸುಮ್ಮನಿರುವಾಗಲೇ ವೈರು ತನ್ನ ಮಿತಿ ದಾಟಿರಬಹುದು. ಎಲೆಕ್ಟ್ರಿಷಿಯನ್ ಅವರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿ "ಇನ್ನೊಂದು ಪೈಪ್ ಹಾಕಿ ಸರ್" ಎಂದರು. ಪಂಪನ್ನೂ ದೀಪವನ್ನೂ ಎರಡನೇ ಪೈಪಿಗೆ ವರ್ಗಾಯಿಸಿದೆ.

ವೋಲ್ಟೇಜ್ ಇಳಿತವನ್ನೂ ನೋಡಿದೆ. ಫೀಡರ್ ಹೋಗಿಬರುವ ದಾರಿ 24 ಮೀಟರ್. 6 ಸ್ಕ್ವೇರ್ ಎಂಎಂ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 3 ಓಮ್. ವಾಷಿಂಗ್ ಮೆಷಿನ್ನಿನ 2.5 ಸ್ಕ್ವೇರ್ ಎಂಎಂ ವೈರು ಹೋಗಿಬರಲು 28 ಮೀಟರ್, ಕಿಲೋಮೀಟರಿಗೆ ಏಳೂವರೆ ಓಮ್ ಆಸುಪಾಸು. ಪೂರ್ತಿ ಲೋಡಿನಲ್ಲೂ ಎರಡೂ ಸೇರಿ ನಾಲ್ಕು ವೋಲ್ಟಿನೊಳಗೆ. ಚಿಂತೆಯಿಲ್ಲ.

ಡಿಬಿ ಮೆಟ್ಟಿಲಿನ ಮೇಲೆ

ಹೊಸ ಸಬ್ ಡಿಬಿಯನ್ನು ಮಾಳಿಗೆಯಿಂದ ಹೊರಗೆ, ಮೆಟ್ಟಿಲಿನ ನೆತ್ತಿಯಲ್ಲಿ, ಬಾಗಿಲ ಪಕ್ಕ ಇಟ್ಟೆವು. ವೈರು ಜಾಸ್ತಿ ಬೇಕಾಯಿತು. ಬೇಕಾದರೆ ಬೇಕಾಗಲಿ.

ಒಂದೇ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿ ಅದರ ಕೆಳಗೆ ಐದು ಎಂಸಿಬಿ ಇಡುವುದು ಎಲ್ಲರೂ ಮಾಡುವ ಸುಲಭ ದಾರಿ. ನೆಲಮಾಳಿಗೆಗೆ ಅದು ಒಗ್ಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಂಪ್ಯೂಟರು, ವಾಷಿಂಗ್ ಮೆಷಿನ್ ಇವುಗಳ ಒಳಗಿನ ಫಿಲ್ಟರುಗಳಿಂದ ಏನೂ ಕೆಡದಿದ್ದರೂ ಒಂದಿಷ್ಟು ಮಿಲಿಆಂಪ್ ಅರ್ಥಿಗೆ ಸೋರುತ್ತಲೇ ಇರುತ್ತದೆ. ಅವೆಲ್ಲ ಒಂದೇ ಆರ್‌ಸಿಸಿಬಿಯಲ್ಲಿ ಕೂಡಿಕೊಂಡಾಗ, ಅದು 15ರಿಂದ 30 ಮಿಲಿಆಂಪ್ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಿ ಬೀಳಬಹುದಾದ್ದರಿಂದ, ಸಣ್ಣ ನೆಪ ಸಾಕು. ಬಿದ್ದರೆ ಪಂಪೂ ನಿಂತಿತು. ಯಾರೂ ಇಲ್ಲದ ರಾತ್ರಿ ಮೇಜಿನ ಹಳೆ ಚಾರ್ಜರ್ ಕೆಟ್ಟು, ಅದರಿಂದ ಪಂಪು ನಿಂತು, ಬೆಳಗಾಗುವಷ್ಟರಲ್ಲಿ ನೀರು ಗೆರೆ ಮುಟ್ಟುವುದು ಸಾಧ್ಯವಿರುವ ಮಾತೇ.

ಆದ್ದರಿಂದ ಪ್ರತಿ ಸರ್ಕ್ಯೂಟಿಗೂ ಪ್ರತ್ಯೇಕ ಆರ್‌ಸಿಬಿಓ, ಅಂದರೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವ ಸ್ವಿಚ್ಚು. ಎಲ್ಲವೂ ಎ ಟೈಪ್. ವಾಷಿಂಗ್ ಮೆಷಿನ್ನಿನಂಥ ಎಲೆಕ್ಟ್ರಾನಿಕ್ಸ್ ಇರುವ ಯಂತ್ರಗಳ ಸೋರಿಕೆ ಬಡಿತ ಬಡಿತವಾದ ಡಿಸಿ ರೂಪದಲ್ಲಿ ಇರಬಹುದು, ಎಸಿ ಟೈಪಿಗೆ ಅದನ್ನು ಗುರುತಿಸುವ ಭರವಸೆಯಿಲ್ಲ. ಮೇಲಿನ ಡಿಬಿಯಲ್ಲಿ ಫೀಡರಿಗೆ 100 ಮಿಲಿಆಂಪ್ ಎಸ್ ಟೈಪ್ ಆರ್‌ಸಿಸಿಬಿ. ಅದು ತುಸು ತಡೆದು ಬೀಳುವಂಥದು, ಆದ್ದರಿಂದ ಕೆಳಗಿನ ದೋಷವನ್ನು ಕೆಳಗಿನದೇ ಕತ್ತರಿಸಲು ಅವಕಾಶ ಸಿಗುತ್ತದೆ.

ಪಂಪಿನ ಆರ್‌ಸಿಬಿಓ ಬಗ್ಗೆ ನಾನೊಂದು ತಪ್ಪು ಮಾಡುತ್ತಿದ್ದೆ. ಕ್ಲ್ಯಾಂಪ್ ಮೀಟರಿನಲ್ಲಿ ಓಡುವ ಕರೆಂಟು 3.4 ಆಂಪ್ ಬಂತು, 6 ಆಂಪಿನ ಬಿ ಕರ್ವ್ (ಎಷ್ಟು ಕರೆಂಟಿಗೆ ತಕ್ಷಣ ಬೀಳಬೇಕೆಂಬ ವರ್ಗ) ಸಾಕೆಂದುಕೊಂಡೆ. ಆದರೆ ಮೋಟರು ಶುರುವಾಗುವ ಗಳಿಗೆಯಲ್ಲಿ ಇದರ ಆರು ಪಟ್ಟು, ಅಂದರೆ 20 ಆಂಪ್ ಎಳೆಯಬಹುದು. ಬಿ ಕರ್ವ್ ತನ್ನ ರೇಟಿಂಗಿನ ಮೂರರಿಂದ ಐದು ಪಟ್ಟಿನಲ್ಲಿ ತಕ್ಷಣ ಬೀಳುತ್ತದೆ. 6 ಆಂಪಿನದಕ್ಕೆ 18ರಿಂದ 30. ಒಂದು ದಿನ ತಡೆದೀತು, ಇನ್ನೊಂದು ದಿನ ಬಿದ್ದೀತು. 10 ಆಂಪಿನ ಸಿ ಕರ್ವ್ 50 ಆಂಪಿನವರೆಗೂ ತಕ್ಷಣಕ್ಕೆ ಅಲುಗದು. ಅದನ್ನೇ ಹಾಕಿದೆವು.

ಇಷ್ಟಾದರೂ ಪಂಪೇ ಸೋರಲು ಶುರುವಾದರೆ ಅದರ ಆರ್‌ಸಿಬಿಓ ಬೀಳಲೇಬೇಕು, ಬೀಳಲಿ. ನೀರಿನಲ್ಲಿ ಮುಳುಗಿದ ಯಂತ್ರಕ್ಕೆ ಆ ರಕ್ಷಣೆ ತೆಗೆಯುವ ಮಾತೇ ಇಲ್ಲ. ಅದರ ಬದಲು ಗುಂಡಿಯ ಬಾಯಿಗೆ ಬ್ಯಾಟರಿಯಲ್ಲಿ ನಡೆಯುವ ಅಲಾರಂ ಕಟ್ಟಿದೆ. ನೀರು ಪಂಪಿನ ಫ್ಲೋಟಿಗಿಂತ ಒಂದು ಗೇಣು ಮೇಲೆ ಬಂದರೆ ಕೂಗುತ್ತದೆ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಪಂಪಿನ ಸಾಕೆಟ್ಟು 1.3 ಮೀಟರ್ ಎತ್ತರದಲ್ಲಿ, ಮುಚ್ಚಳವಿರುವಂಥದು. ಪಂಪಿನ ವೈರು ಸಾಕೆಟ್ಟಿಗಿಂತ ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಟ್ಟಿದ್ದೇನೆ; ವೈರಿನ ಮೇಲೆ ಜಾರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಮೆಟ್ಟಿಲಿನ ದೀಪವನ್ನು ಬೇಕೆಂದೇ ಮಾಳಿಗೆಯ ಡಿಬಿಗೆ ಸೇರಿಸಲಿಲ್ಲ. ಕೆಳಗಿನದೆಲ್ಲ ಆಫ್ ಆದರೂ ಮೆಟ್ಟಿಲು ಕಾಣುತ್ತಿರಬೇಕು. ಅದಕ್ಕೆ ಫೇಸೂ ನ್ಯೂಟ್ರಲ್ಲೂ ಎರಡೂ ಮೇಲಿನ ಸರ್ಕ್ಯೂಟಿನವೇ. ಮೊದಲ ವಾರದ ಪಾಠ ಮರೆಯುವಂತಿರಲಿಲ್ಲ. ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್ಚು. ಇದರಿಂದ ಒಂದು ಹೊಸ ಅಪಾಯ ಹುಟ್ಟುತ್ತದೆ: ಮಾಳಿಗೆಯ ಡಿಬಿ ಪೂರ್ತಿ ಆರಿಸಿದರೂ ಕೆಳಗಿನ ಆ ಒಂದು ಸ್ವಿಚ್‌ಬಾಕ್ಸಿನಲ್ಲಿ ಕರೆಂಟು ಇರುತ್ತದೆ. ಹಾಗಾಗಿ ಅದಕ್ಕೆ ಬೇರೆಯದೇ ಪೈಪು, ಬೇರೆಯದೇ ಬಾಕ್ಸು. ಮುಚ್ಚಳದ ಮೇಲೂ ಡಿಬಿಯ ಬಾಗಿಲ ಒಳಗೂ ಕೆಂಪಕ್ಷರದಲ್ಲಿ "ಇದಕ್ಕೆ ಕರೆಂಟು ಮೇಲಿನ ಡಿಬಿಯಿಂದ" ಎಂದು ಬರೆದು ಅಂಟಿಸಿದ್ದೇನೆ.

ಮೂರು, ನಾಲ್ಕನೇ ವಾರ

ಪೈಪು ಕೆಲಸ ಬೇಗ ಮುಗಿಯಿತು. ಎರಡು ಬೆಂಡಿಗಿಂತ ಹೆಚ್ಚಾದರೆ ಮಧ್ಯೆ ಒಂದು ಬಾಕ್ಸು ಎಂಬ ನಿಯಮ ಇಟ್ಟುಕೊಂಡಿದ್ದರಿಂದ ವೈರು ಎಳೆಯುವ ಸ್ಪ್ರಿಂಗು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಾಕ್ಸುಗಳೆಲ್ಲ ಪಿವಿಸಿಯವು, ಇಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೇಲಿನ ಬೆಚ್ಚಗಿನ ಗಾಳಿ ಪೈಪಿನೊಳಗೆ ಇಳಿದು, ತಣ್ಣಗಿನ ಭಾಗದಲ್ಲಿ ಬೆವರಿ, ಕೆಳಗಿನ ಬಾಕ್ಸಿನಲ್ಲಿ ನೀರಾಗಿ ಕೂರುವುದುಂಟು. ಅದಕ್ಕೆ ಮಾಳಿಗೆಗೆ ಇಳಿಯುವ ಜಾಗದಲ್ಲಿ ವೈರು ಎಳೆದಾದ ಮೇಲೆ ಪೈಪಿನ ಬಾಯನ್ನು ಸೀಲಿಂಗ್ ಪುಟ್ಟಿಯಿಂದ ಮುಚ್ಚಿದೆ. ಮಾಳಿಗೆಯ ಮೂಲಕ ಮನೆಯೊಳಗೆ ಬರುವ ಲೋಹದ ನೀರಿನ ಕೊಳವೆಗೆ ಕ್ಲ್ಯಾಂಪ್ ಹಾಕಿ 6 ಸ್ಕ್ವೇರ್ ಎಂಎಂ ಹಸಿರು ವೈರಿನಿಂದ ಮುಖ್ಯ ಅರ್ಥಿಂಗಿಗೆ ಸೇರಿಸಿದರು. ಮೊದಲು ಅದು ಇರಲೇ ಇಲ್ಲ.

ಪರೀಕ್ಷೆಯ ದಿನ ಪ್ಲಗ್ಗು, ಬಲ್ಬು ಎಲ್ಲ ತೆಗೆದು 500 ವೋಲ್ಟಿನ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರು) ಹಚ್ಚಿದರು. ಒಂದು ಮೆಗಾಓಮ್‌ಗಿಂತ ಕಡಿಮೆ ಬರಬಾರದು. ನಾಲ್ಕು ಸರ್ಕ್ಯೂಟಿನಲ್ಲಿ 200ರ ಮೇಲೆ ಬಂತು. ವಾಷಿಂಗ್ ಮೆಷಿನ್ನಿನದು 0.6. ಮುಳ್ಳು ಅಲ್ಲೇ ನಿಂತಾಗ ನನಗೆ ಹೊಳೆದದ್ದು ಯಾವುದೋ ಸ್ಯಾಡಲ್ ಸ್ಕ್ರೂ ವೈರಿಗೆ ಚುಚ್ಚಿದೆ ಎಂದು. ಅವರು ಮಾತಾಡದೆ ಸರ್ಕ್ಯೂಟನ್ನು ಮಧ್ಯದ ಬಾಕ್ಸಿನಲ್ಲಿ ಎರಡು ತುಂಡು ಮಾಡಿ ಬೇರೆ ಬೇರೆ ಅಳೆದರು. ಡಿಬಿ ಕಡೆಯದು ಚೆನ್ನಾಗಿತ್ತು. ಕೊನೆಯ ಸಾಕೆಟ್ಟು ಬಿಚ್ಚಿದರೆ ಹಿಂದೆ, ಬಾಕ್ಸಿನ ತಳದಲ್ಲಿ, ಬಿಳಿ ನೀರು ಒಂದು ಚಮಚದಷ್ಟು. ಹಿಂದಿನ ದಿನ ಗೋಡೆಗೆ ಸುಣ್ಣ ಬಳಿದು ಬ್ರಷ್ ಒದರಿದ್ದು ನಾನೇ, ಬಾಕ್ಸಿಗೆ ಮುಚ್ಚಳ ಹಾಕಿರಲಿಲ್ಲ. ಒರೆಸಿ, ಎರಡು ದಿನ ಫ್ಯಾನ್ ಗಾಳಿ ಹೊಡೆಸಿದ ಮೇಲೆ ಅದೂ 180 ತೋರಿಸಿತು. ಆ ಸಾಕೆಟ್ಟಿನ ಟರ್ಮಿನಲ್ಲುಗಳಲ್ಲಿ ಆಗಲೇ ಹಸಿರು ಬಂದಿದ್ದರಿಂದ ಹೊಸದನ್ನೇ ಕೂರಿಸಿದೆವು.

ಕರೆಂಟು ಕೊಟ್ಟ ಮೇಲೆ ಎಲ್ಲ ಆರ್‌ಸಿಬಿಓಗಳ ಟೆಸ್ಟ್ ಬಟನ್ ಒತ್ತಿದೆವು. ಮೀಟರಿನಿಂದಲೂ 30 ಮಿಲಿಆಂಪ್ ಹರಿಸಿ ಸಮಯ ಅಳೆದರು. 300 ಮಿಲಿಸೆಕೆಂಡಿನೊಳಗೆ ಬೀಳಬೇಕು, ಐದೂ ಅದಕ್ಕಿಂತ ಬಹಳ ಮುಂಚೆ ಬಿದ್ದವು. ಆಮೇಲೆ ಗುಂಡಿಗೆ ಬಕೆಟ್ಟಿನಲ್ಲಿ ನೀರು ಸುರಿದು ಪಂಪು ಏಳುವುದನ್ನು ನೋಡಿದೆವು. ಪಂಪಿನ ಪ್ಲಗ್ ಕಿತ್ತು ಇನ್ನಷ್ಟು ಸುರಿದಾಗ ಅಲಾರಂ ಕೂಗಿತು, ಮೇಲಿನ ಮಲಗುವ ಕೋಣೆಗೂ ಕೇಳಿಸಿತು. ಮಗಳನ್ನು ಕರೆದು ಮೆಟ್ಟಿಲಿನ ನೆತ್ತಿಯಲ್ಲಿ ನಿಲ್ಲಿಸಿ, ಯಾವ ಹಿಡಿಕೆ ಕೆಳಗಿಳಿಸಬೇಕು ಎಂದು ತೋರಿಸಿದೆ. ಅವಳು ಇಳಿಸಿದಳು. ಮಾಳಿಗೆ ಕತ್ತಲಾಯಿತು, ಮೆಟ್ಟಿಲ ದೀಪ ಉರಿಯುತ್ತಲೇ ಇತ್ತು.

ಗೋಡೆಗೆ ಬಣ್ಣ ಬಳಿಯುವಾಗ ಮೆಟ್ಟಿಲಿನ ಬುಡದಲ್ಲಿ ಒಂದು ಅಂಗೈಯಗಲ ಜಾಗ ಹಾಗೇ ಬಿಟ್ಟಿದ್ದೇನೆ, ಕಂದು ಗೆರೆ ಕಾಣುವಂತೆ. ಪಕ್ಕದಲ್ಲಿ 22 ಸೆಂ.ಮೀ. ಎಂದು ಬರೆದಿದೆ. ಮುಂದೆ ಇಲ್ಲಿ ಇನ್ನೊಂದು ಪಾಯಿಂಟು ಹಾಕಲು ಯಾರಾದರೂ ಬಂದರೆ ಅವರ ಕಣ್ಣಿಗೂ ಮೊದಲು ಅದೇ ಬೀಳಲಿ ಎಂದು.